ದೊಡ್ಡತನವೂ ದೊಡ್ಡಸ್ತಿಕೆಯೂ

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ತಿರುಗಾಡಿದವರಿಗೆಲ್ಲ ಚಿಕ್ಕ ಗಡಿಯಾರದ ಪರಿಚಯವುಂಟು. ವೈಸರಾಯ್ ಲಾರ್ಡ್ ಡಫರಿನ್ನರ ಭೇಟಿಯ ನೆನಪಿಗಾಗಿ ೧೮೮೬ರಲ್ಲಿ ಎದ್ದುನಿಂತ ಆ ಗೋಪುರದ ಎದುರಿಗೇ ದೇವರಾಜ ಮಾರುಕಟ್ಟೆಯಿದೆ. ಒಳಹೊಕ್ಕು ಹೂವಿನ ಸಾಲಿಗೆ ನಡೆದರೆ ಮಲ್ಲಿಗೆ, ಕನಕಾಂಬರ, ಸೇವಂತಿಗೆಗಳ ಮಾಲೆಗಳನ್ನು ಇಂದಿಗೂ ಮೊಳದ ಲೆಕ್ಕದಲ್ಲಿ ಮಾರುತ್ತಿರುವುದನ್ನು ಕಾಣಬಹುದು. ಕೆಲವು ತಿಂಗಳ ಹಿಂದೆ ಒಂದು ಸಂಜೆ ನಾವು ಅಲ್ಲಿ ನಿಂತಿದ್ದಾಗ ನಡೆದ ಸಣ್ಣ ಸಂಗತಿಯೊಂದು ಈ ಲೇಖನಕ್ಕೆ ಕಾರಣವಾಯಿತು.

ಒಬ್ಬ ಗೃಹಸ್ಥರು ಮೂರೂವರೆ ಮೊಳ ಮಲ್ಲಿಗೆಯನ್ನು ಕೊಂಡರು. ಮೊಳಕ್ಕೆ ನಲವತ್ತು ರೂಪಾಯಿ. ಇನ್ನೂರು ರೂಪಾಯಿಯನ್ನು ಕೊಟ್ಟು, "ಪಾಪ, ಈ ಅರ್ಧ ಮೊಳದ ಲೆಕ್ಕವೆಲ್ಲ ನಿನಗೆ ತೊಡಕಾಗುತ್ತದೆ, ತಾಳು, ನಾನೇ ಮಾಡಿ ಹೇಳುತ್ತೇನೆ" ಎಂದು ಪ್ರೀತಿಯಿಂದಲೇ ನುಡಿದು, ಜೇಬಿನಿಂದ ಫೋನನ್ನು ತೆಗೆದು ಗುಣಿಸತೊಡಗಿದರು. ಅವರ ಗುಣಾಕಾರ ಮುಗಿಯುವ ಮೊದಲೇ ಹೂವಿನಾಕೆ ಅರವತ್ತು ರೂಪಾಯಿಗಳನ್ನು ಎಣಿಸಿ ಚಾಚಿಕೊಂಡಿದ್ದಳು. "ದೊಡ್ಡಸ್ತಿಕೆ ಬೇಡ ಸ್ವಾಮಿ, ಚಿಲ್ಲರೆ ತಕ್ಕೊಳ್ಳಿ" ಎಂದಳು.

ಆ ಗೃಹಸ್ಥರು ಬೈದಿರಲಿಲ್ಲ, ಮೋಸವನ್ನೂ ಮಾಡಿರಲಿಲ್ಲ, ಸಹಾಯವನ್ನೇ ಮಾಡಹೊರಟಿದ್ದರು. ಹೀಗಿದ್ದೂ ಆಕೆಯ ಮಾತು ಗುರಿ ತಪ್ಪಲಿಲ್ಲವೆಂದು ಸುತ್ತಲಿದ್ದವರಿಗೆಲ್ಲ ತೋರಿತು. ಸಹಾಯಮಾಡಹೊರಟವರ ನಡತೆಗೆ ಇಂಥ ಹೆಸರು ಏಕೆ ಸಲ್ಲುತ್ತದೆ? ನಾವು ಇಲ್ಲಿ ವಿಚಾರಿಸಹೊರಟಿರುವುದು ಇದನ್ನೇ.

ವಿಜ್ಞಾನದ ಪತ್ರಿಕೆಯಲ್ಲಿ ಒಂದು ಮಾತಿನ ಅರ್ಥದ ಚರ್ಚೆಗೆ ಏನು ಸ್ಥಳವೆಂದು ವಾಚಕರು ಕೇಳಬಹುದು. ಭೌತಶಾಸ್ತ್ರದ ಪಾಠ ಮೊದಲಾಗುವುದೇ ಮಾತುಗಳನ್ನು ಬೇರ್ಪಡಿಸುವುದರಿಂದ ಎಂಬುದನ್ನು ಅವರಿಗೆ ನೆನಪಿಸುತ್ತೇವೆ. ಶಾಖ ಬೇರೆ, ಉಷ್ಣತೆ ಬೇರೆ. ದ್ರವ್ಯರಾಶಿ ಬೇರೆ, ತೂಕ ಬೇರೆ. ಹದಿನೆಂಟನೆಯ ಶತಮಾನದಲ್ಲಿ ಜೋಸೆಫ್ ಬ್ಲ್ಯಾಕನು ಶಾಖವನ್ನೂ ಉಷ್ಣತೆಯನ್ನೂ ಸ್ಪಷ್ಟವಾಗಿ ವಿಂಗಡಿಸುವವರೆಗೆ, ಮಂಜುಗಡ್ಡೆ ಶಾಖವನ್ನು ಹೀರುತ್ತ ಕರಗುತ್ತಿದ್ದರೂ ಅದರ ಉಷ್ಣತೆ ಏರದಿರುವುದೇಕೆ ಎಂಬುದು ಒಗಟಾಗಿಯೇ ಉಳಿದಿತ್ತು. ಎರಡು ವಸ್ತುಗಳಿಗೆ ಒಂದೇ ಹೆಸರಿದ್ದರೆ ವಿಚಾರ ಮುಂದೆ ಸಾಗದು. ದೊಡ್ಡತನ, ದೊಡ್ಡಸ್ತಿಕೆ ಎಂಬ ಎರಡು ಮಾತುಗಳನ್ನು ನಾವು ಹಲವೊಮ್ಮೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟು ಬಳಸುತ್ತೇವೆ. ಅದರಿಂದ ಆಗುವ ಹಾನಿ ಮಾತಿಗೆ ಮಾತ್ರ ತಟ್ಟುವಂಥದಲ್ಲ.

ಮಾತಿನ ರೂಪ

ಮೊದಲು 'ದೊಡ್ಡ' ಎಂಬುದನ್ನು ನೋಡೋಣ. ಅದು ಗಾತ್ರವನ್ನೋ ಕ್ರಮವನ್ನೋ ಸೂಚಿಸುವ ಸರಳವಾದ ಪದ. ತನ್ನಷ್ಟಕ್ಕೆ ಅದು ಹೊಗಳಿಕೆಯಲ್ಲ. ದೇವರಾಜ ಮಾರುಕಟ್ಟೆಗೆ ಹೆಸರು ಬಂದದ್ದು ದೊಡ್ಡ ದೇವರಾಜ ಒಡೆಯರಿಂದ ಎಂದು ಹೇಳುವುದುಂಟು. ಅವರು ೧೬೫೯ರಿಂದ ೧೬೭೩ರವರೆಗೆ ಮೈಸೂರನ್ನು ಆಳಿದರು. ಅವರ ತರುವಾಯ ೧೭೦೪ರವರೆಗೆ ಆಳಿದವರು ಚಿಕ್ಕ ದೇವರಾಜ ಒಡೆಯರು. ಇತಿಹಾಸದಲ್ಲಿ ಹೆಚ್ಚು ಪ್ರಸಿದ್ಧರಾದವರು ಈ 'ಚಿಕ್ಕ'ವರೇ. ಇಲ್ಲಿ ದೊಡ್ಡ, ಚಿಕ್ಕ ಎಂಬುವು ಹಿಂದಿನವರು, ಮುಂದಿನವರು ಎಂಬ ಅರ್ಥವನ್ನಷ್ಟೇ ಕೊಡುತ್ತವೆ.

ಗಡಿಯಾರಗಳ ಮಾತೂ ಹಾಗೆಯೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ೧೯೨೭ರಲ್ಲಿ ಕಟ್ಟಿದ, ಎಪ್ಪತ್ತೈದು ಅಡಿ ಎತ್ತರದ ಗೋಪುರವನ್ನು ಮೈಸೂರಿನವರು ದೊಡ್ಡ ಗಡಿಯಾರವೆಂದು ಕರೆದರು. ಹಳೆಯದು ಚಿಕ್ಕ ಗಡಿಯಾರವಾಯಿತು. ಇವೆರಡೂ ಬೇರೆ ಬೇರೆ ವೇಳೆಯನ್ನು ತೋರಿಸಿದರೆ ಯಾವುದನ್ನು ನಂಬಬೇಕು? ಗೋಪುರಗಳ ಎತ್ತರವನ್ನು ಅಳೆದು ಯಾರೂ ಇದನ್ನು ತೀರ್ಮಾನಿಸಲಾರರು. ಎರಡನ್ನೂ ಮೂರನೆಯದೊಂದು ಪ್ರಮಾಣದೊಡನೆ, ಅಂದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಪರಮಾಣು ಗಡಿಯಾರಗಳಿಂದ ಕಾಪಾಡುತ್ತಿರುವ ಭಾರತೀಯ ಪ್ರಮಾಣಕಾಲದೊಡನೆ, ಹೋಲಿಸಬೇಕು. ದೊಡ್ಡದಾಗಿರುವುದು ಒಂದು; ಸರಿಯಾಗಿರುವುದು ಮತ್ತೊಂದು.

ಇನ್ನು ಪ್ರತ್ಯಯಗಳು. 'ತನ' ಎಂಬ ಪ್ರತ್ಯಯ ಗುಣವನ್ನೋ ಸ್ಥಿತಿಯನ್ನೋ ಹೇಳುತ್ತದೆ: ಜಾಣತನ, ಬಡತನ, ಒಳ್ಳೆಯತನ. ದೊಡ್ಡತನವೆಂದರೆ ದೊಡ್ಡವನಾಗಿರುವ ಗುಣ. 'ದೊಡ್ಡಸ್ತ' ಎಂಬುದಾದರೋ ಗೃಹಸ್ಥ, ಗ್ರಾಮಸ್ಥ ಮೊದಲಾದವುಗಳ ಅಚ್ಚಿನಲ್ಲಿ ಎರಕವಾದಂತೆ ತೋರುತ್ತದೆ: ದೊಡ್ಡ ಸ್ಥಾನದಲ್ಲಿ ಇರತಕ್ಕವನು, ಊರಿನ ಗಣ್ಯ. ಅದರ ಮೇಲೆ ಬಂದಿರುವ 'ಇಕೆ'ಯನ್ನು ಗಮನಿಸಬೇಕು. ಗೌಡಿಕೆ, ಪಟೇಲಿಕೆ, ಶಾನುಭೋಗಿಕೆ, ಯಜಮಾನಿಕೆ ಎಂಬಲ್ಲೆಲ್ಲ ಈ ಪ್ರತ್ಯಯ ಒಂದು ಅಧಿಕಾರವನ್ನು, ಒಂದು ಹುದ್ದೆಯನ್ನು ಹೇಳುತ್ತದೆ. ಹಾಗೆ ನೋಡಿದರೆ ದೊಡ್ಡಸ್ತಿಕೆಯೆಂದರೆ ದೊಡ್ಡವನೆಂಬ ಹುದ್ದೆಯನ್ನು ನಡೆಸುವುದು. ಗುಣವು ಇದ್ದಲ್ಲಿ ಇರುತ್ತದೆ. ಅದಕ್ಕೆ ಸಾಕ್ಷಿ ಬೇಕಿಲ್ಲ. ಹುದ್ದೆ ನಡೆಯಬೇಕಾದರೆ ಕೈಕೆಳಗೆ ಯಾರಾದರೂ ಇರಲೇಬೇಕು. ಗ್ರಾಮವಿಲ್ಲದೆ ಗೌಡಿಕೆಯುಂಟೆ? ಒಬ್ಬ ಚಿಕ್ಕವನು ಸಿಕ್ಕದೆ ದೊಡ್ಡಸ್ತಿಕೆಯೂ ನಡೆಯದು; ಸಿಕ್ಕದಿದ್ದರೆ ಒಬ್ಬನನ್ನು ಚಿಕ್ಕವನನ್ನಾಗಿ ಮಾಡಿಕೊಳ್ಳಬೇಕಾಗುತ್ತದೆ. ಹೂವಿನ ಸಾಲಿನಲ್ಲಿ ನಡೆದದ್ದು ಇದೇ.

ಬಳಕೆಯ ಎಲ್ಲೆಗಳು

ದೊಡ್ಡಸ್ತಿಕೆಯ ವ್ಯಾಪ್ತಿ ವಿಶಾಲವಾದುದು. ಅಂತಸ್ತು, ಮನೆತನದ ಗೌರವ ಎಂಬ ಅರ್ಥದಲ್ಲಿ ಅದನ್ನು ನಿಂದೆಯಿಲ್ಲದೆಯೂ ಬಳಸುವುದುಂಟು. ಆಡಂಬರವೆಂಬ ಅರ್ಥದಲ್ಲಿಯೂ ಬಳಸುತ್ತಾರೆ. ಆದರೆ ಅಲ್ಪನು ಐಶ್ವರ್ಯ ಬಂದಾಗ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿಕೊಂಡನೆಂಬ ಗಾದೆಯ ಮನುಷ್ಯನದು ಬರಿಯ ಆಡಂಬರ. ಅವನು ಯಾರಿಗೂ ಉಪಕಾರಮಾಡುವ ಸೋಗನ್ನು ಹಾಕಲಿಲ್ಲ. ನೋಡಿದವರು ನಕ್ಕು ಸುಮ್ಮನಾದರು. ನಾವು ವಿಚಾರಿಸುತ್ತಿರುವುದು ಹೂವಿನಾಕೆ ಬಳಸಿದ ಇಕ್ಕಟ್ಟಾದ ಅರ್ಥವನ್ನು: ಇನ್ನೊಬ್ಬನನ್ನು ತನಗಿಂತ ಕೆಳಗಿಟ್ಟು, ಹಾಗೆ ಇಟ್ಟದ್ದನ್ನು ದಯೆಯೆಂದು ತೋರಿಸುವುದು.

ಈ ಅರ್ಥದಲ್ಲಿ ಅದು ಅಹಂಕಾರದಿಂದಲೂ ಬೇರೆ. ಅಹಂಕಾರಿಯು ಎದುರಿಗಿರುವವನನ್ನು ಲಕ್ಷಿಸುವುದೇ ಇಲ್ಲ. ದೊಡ್ಡಸ್ತಿಕೆಯವನು ಲಕ್ಷಿಸುತ್ತಾನೆ, ಬಾಗುತ್ತಾನೆ, ಬೆನ್ನು ತಟ್ಟುತ್ತಾನೆ. ಅದು ತಿರಸ್ಕಾರದಿಂದಲೂ ಬೇರೆ. ತಿರಸ್ಕಾರವನ್ನು ಎದುರಿಸಬಹುದು; ಅದಕ್ಕೆ ಉತ್ತರವುಂಟು. ದೊಡ್ಡಸ್ತಿಕೆಗೆ ಉತ್ತರ ಕೊಟ್ಟರೆ ಕೊಟ್ಟವನೇ ಕೃತಘ್ನನೆನಿಸುತ್ತಾನೆ. ಅದರ ಕೇಡು ಇರುವುದು ಇಲ್ಲಿಯೇ.

ಕನ್ನಡದಲ್ಲಿ ಇದಕ್ಕೆ ತನ್ನದೇ ಆದ ಒಂದು ವ್ಯಾಕರಣವಿರುವಂತೆ ಕಾಣುತ್ತದೆ. ವಿದ್ಯಾರ್ಥಿಗಳು ಕೆಳಗಿನ ವಾಕ್ಯಗಳನ್ನು ಪರೀಕ್ಷಿಸಲಿ.

"ಪಾಪ, ಹಳ್ಳಿಯಿಂದ ಬಂದ ಹುಡುಗ, ಆದರೂ ಚೆನ್ನಾಗಿ ಬರೆದಿದ್ದಾನೆ." ಇದರಲ್ಲಿ 'ಪಾಪ' ಎಂಬುದನ್ನೂ 'ಆದರೂ' ಎಂಬುದನ್ನೂ ತೆಗೆದುಹಾಕಿದರೆ ಉಳಿಯುವುದು ಹೊಗಳಿಕೆ. ಅವನ್ನು ಸೇರಿಸಿದೊಡನೆ, ಹಳ್ಳಿಯವನು ಚೆನ್ನಾಗಿ ಬರೆಯಲಾರನೆಂಬ ಮೊದಲ ತೀರ್ಪು ಹೊಗಳಿಕೆಯ ಹಿಂದಿನಿಂದ ಇಣಿಕಿ ನೋಡುತ್ತದೆ.

"ಈಗ ಹೆಣ್ಣುಮಕ್ಕಳು ಕೂಡ ಎಂಜಿನಿಯರುಗಳಾಗುತ್ತಿದ್ದಾರೆ." ಇಲ್ಲಿ ಆ ಕೆಲಸವನ್ನೆಲ್ಲ ಮಾಡುತ್ತಿರುವುದು 'ಕೂಡ' ಎಂಬ ಪುಟ್ಟ ಅವ್ಯಯ.

"ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ನಿನಗೇಕೆ ಇಷ್ಟು ಕಷ್ಟದ ವಿಷಯ?" ಕೇಳುವವನ ಒಳ್ಳೆಯದೇನೆಂಬುದನ್ನು ಹೇಳುವವನು ಕೇಳದೆಯೇ ನಿರ್ಣಯಿಸಿಬಿಟ್ಟಿದ್ದಾನೆ.

ಏಕವಚನದ ಮಾತನ್ನೂ ಹೇಳಬೇಕು. ಪ್ರಾಯದಲ್ಲಿ ಹಿರಿಯಳಾದ ಹೂವಿನಾಕೆಗೆ 'ನೀನು' ಎಂದವರೇ ಪಕ್ಕದ ಅಂಗಡಿಯ ತರುಣ ಮಾಲೀಕನಿಗೆ 'ನೀವು' ಎನ್ನುವುದನ್ನು ನಾವು ದಿನವೂ ಕೇಳುತ್ತೇವೆ. ಸಲಿಗೆಯ ಏಕವಚನ ಎರಡು ಕಡೆಯಿಂದಲೂ ಹರಿಯುತ್ತದೆ. ದೊಡ್ಡಸ್ತಿಕೆಯ ಏಕವಚನ ಮೇಲಿನಿಂದ ಕೆಳಕ್ಕೆ ಮಾತ್ರ.

ಇಂಗ್ಲಿಷಿನ ಒಂದು ಸಾಕ್ಷ್ಯ

ಇಂಗ್ಲಿಷಿನಲ್ಲಿ ಈ ನಡತೆಗೆ 'ಪೇಟ್ರನೈಸ್' ಎಂಬ ಕ್ರಿಯಾಪದವಿದೆ. ಅದರ ಮೂಲ ಲ್ಯಾಟಿನ್ನಿನ 'ಪತ್ರೋನುಸ್'. ಅದರ ಮೂಲ ತಂದೆಯೆಂಬ ಅರ್ಥದ 'ಪಾತೆರ್'. ಪ್ರಾಚೀನ ರೋಮಿನಲ್ಲಿ ಯಜಮಾನನು ತನ್ನ ಗುಲಾಮನನ್ನು ಬಿಡುಗಡೆ ಮಾಡಿದ ಮೇಲೆಯೂ ಅವನ ಪತ್ರೋನುಸನಾಗಿ ಉಳಿಯುತ್ತಿದ್ದನು. ಬಿಡುಗಡೆ ಹೊಂದಿದವನು ಅವನಿಗೆ ಋಣಿಯಾಗಿ ನಡೆದುಕೊಳ್ಳಬೇಕಾಗಿತ್ತು. ಸ್ವಾತಂತ್ರ್ಯವನ್ನು ಕೊಟ್ಟ ಕೈಯೇ ಅದರ ಹಗ್ಗದ ಒಂದು ತುದಿಯನ್ನು ಹಿಡಿದುಕೊಂಡಿತ್ತು.

ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ ಆಶ್ರಯ ಕೊಡುವುದು, ಪೋಷಿಸುವುದು ಎಂಬ ಅರ್ಥ ಮೊದಲು ಇದ್ದಿತು. ಕೀಳಾಗಿ ಕಾಣುವ ದಯೆ ಎಂಬ ಅರ್ಥ ಆಮೇಲೆ ಬಂದಿತು. ಇದರ ಜೊತೆಯ ಇನ್ನೊಂದು ಮಾತಾದ 'ಕಾಂಡಿಸೆನ್ಷನ್' ಎಂಬುದರ ಕಥೆ ಇನ್ನೂ ಸ್ವಾರಸ್ಯವಾದುದು. ಕೆಳಕ್ಕೆ ಇಳಿದುಬರುವುದು ಎಂಬುದು ಅದರ ಅಕ್ಷರಾರ್ಥ. ಹದಿನೆಂಟನೆಯ ಶತಮಾನದಲ್ಲಿ ಅದು ಸದ್ಗುಣಗಳಲ್ಲಿ ಒಂದು. ಜೇನ್ ಆಸ್ಟೆನ್ ೧೮೧೩ರಲ್ಲಿ ಪ್ರಕಟಿಸಿದ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯಲ್ಲಿ ಪಾದ್ರಿ ಕಾಲಿನ್ಸನು ತನಗೆ ಆಶ್ರಯವಿತ್ತ ಶ್ರೀಮಂತ ಮಹಿಳೆಯ ಈ ಗುಣವನ್ನು ಮನಸಾರೆ ಕೊಂಡಾಡುತ್ತಾನೆ. ಓದುಗರಿಗೆ ನಗು ಬರುತ್ತದೆ. ಮಾತು ಒಂದು ಅರ್ಥದಿಂದ ಇನ್ನೊಂದಕ್ಕೆ ದಾಟುತ್ತಿರುವ ಗಳಿಗೆಯನ್ನು ಅಲ್ಲಿ ಹಿಡಿಯಬಹುದು.

ಅರ್ಥ ಹೀಗೆ ಹೊರಳಿದುದೇಕೆ? ಮೇಲುಕೀಳುಗಳು ಹುಟ್ಟಿನಿಂದಲೇ ಸ್ಥಿರವೆಂದು ಎಲ್ಲರೂ ನಂಬಿದ್ದ ಸಮಾಜದಲ್ಲಿ, ಮೇಲಿನವನು ಇಳಿದುಬಂದು ಮಾತನಾಡಿಸುವುದು ಉಪಕಾರವೇ ಆಗಿದ್ದಿತು. ಮನುಷ್ಯರು ಸಮಾನರೆಂಬ ಭಾವನೆ ಬೇರೂರಿದ ಮೇಲೆ, 'ನಾನು ಇಳಿದು ಬಂದೆ' ಎನ್ನುವುದೇ 'ನೀನು ಕೆಳಗಿದ್ದೆ' ಎಂಬ ಆಪಾದನೆಯಾಯಿತು. ನಡತೆ ಬದಲಾಗಲಿಲ್ಲ, ಅದನ್ನು ಅಳೆಯುವ ಮಟ್ಟ ಬದಲಾಯಿತು.

ಸೊನ್ನೆಯ ಪ್ರಶ್ನೆ

ಮಟ್ಟವೆಂಬ ಮಾತು ಭೌತಶಾಸ್ತ್ರಕ್ಕೆ ಹತ್ತಿರವಾದುದು. ಚಾಮುಂಡಿಬೆಟ್ಟದ ಎತ್ತರವೆಷ್ಟು? ಸುಮಾರು ೧೦೬೦ ಮೀಟರ್ ಎಂಬುದು ಒಂದು ಉತ್ತರ. ಸುಮಾರು ೩೦೦ ಮೀಟರ್ ಎಂಬುದು ಇನ್ನೊಂದು. ಎರಡೂ ಸರಿ. ಮೊದಲನೆಯದರಲ್ಲಿ ಸೊನ್ನೆ ಇರುವುದು ಸಮುದ್ರಮಟ್ಟದಲ್ಲಿ, ಎರಡನೆಯದರಲ್ಲಿ ಮೈಸೂರು ನಗರದ ನೆಲದಲ್ಲಿ. ಬೆಟ್ಟದ ಮೇಲಿನ ಕಲ್ಲಿನ ಸ್ಥಿತಿಶಕ್ತಿಯನ್ನು ಲೆಕ್ಕಮಾಡುವಾಗಲೂ ಹೀಗೆಯೇ: ಸೊನ್ನೆಯನ್ನು ಎಲ್ಲಿ ಬೇಕಾದರೂ ಇಡಬಹುದು, ಆದರೆ ಇಟ್ಟ ಜಾಗವನ್ನು ಹೇಳಬೇಕು. ಸೊನ್ನೆಯನ್ನು ಹೇಳದೆ ಎತ್ತರವನ್ನು ಮಾತ್ರ ಹೇಳಿದವನಿಗೆ ಪರೀಕ್ಷೆಯಲ್ಲಿ ಅಂಕಗಳು ಬರಲಾರವು.

ದೊಡ್ಡಸ್ತಿಕೆ ಈ ತಪ್ಪನ್ನೇ ಮಾಡುತ್ತದೆ. ಅದು ತನ್ನ ಪಾದವಿರುವ ನೆಲವನ್ನೇ ಸೊನ್ನೆಯೆಂದು ಇಟ್ಟುಕೊಂಡು, ಹಾಗೆ ಇಟ್ಟುಕೊಂಡಿರುವುದನ್ನು ಮರೆತು, ಎದುರಿಗಿರುವವನನ್ನು ಋಣಸಂಖ್ಯೆಯಲ್ಲಿ ಅಳೆಯುತ್ತದೆ. ಹೂವಿನಾಕೆಯ ಮೊಳವನ್ನು ನೋಡಿರಿ. ಅದೂ ಅವಳ ತೋಳಿನ ಅಳತೆಯೇ. ಆದರೆ ಆ ತೋಳು ಎಲ್ಲರ ಕಣ್ಣೆದುರಿಗಿದೆ, ಎಲ್ಲರಿಗೂ ಒಂದೇ ಆಗಿದೆ. ಬೇಡವಾದವನು ಪಕ್ಕದ ಅಂಗಡಿಗೆ ಹೋಗಬಹುದು. ದೊಡ್ಡಸ್ತಿಕೆಯ ಮೊಳ ಕಣ್ಣಿಗೆ ಕಾಣದು.

ಇಷ್ಟೇ ಅಲ್ಲ. ಅಳೆಯಲ್ಪಡುವ ಗುಣ ಯಾವುದೆಂಬುದನ್ನೂ ಹೇಳಬೇಕು. ಆ ಗೃಹಸ್ಥರು ಪದವೀಧರರಾಗಿದ್ದಿರಬಹುದು. ಆದರೆ ಅರ್ಧ ಮೊಳ, ಕಾಲು ಮೊಳಗಳ ಲೆಕ್ಕವನ್ನು ದಿನಕ್ಕೆ ನೂರು ಸಲ ಮಾಡತಕ್ಕವಳು ಆಕೆ. ಒಂದು ವಿಷಯದಲ್ಲಿನ ಎತ್ತರವನ್ನು ಎಲ್ಲ ವಿಷಯಗಳಿಗೂ ಅನ್ವಯಿಸುವುದು, ಉಷ್ಣತಾಮಾಪಕದಿಂದ ಉದ್ದವನ್ನು ಅಳೆದಂತೆ.

ಬೆಂಗಳೂರು, ೧೯೩೩

ಇದು ಮಾರುಕಟ್ಟೆಯಲ್ಲಿ ಮಾತ್ರ ಕಾಣುವ ನಡತೆಯೆಂದು ಯಾರೂ ಭಾವಿಸಬಾರದು. ನಮ್ಮ ನಾಡಿನ ವಿಜ್ಞಾನದ ಇತಿಹಾಸದಲ್ಲಿಯೇ ಒಂದು ಪ್ರಸಂಗವಿದೆ.

೧೯೩೩ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿ ವಿಶ್ವವಿದ್ಯಾನಿಲಯದಿಂದ ರಸಾಯನಶಾಸ್ತ್ರ, ಭೌತಶಾಸ್ತ್ರಗಳಲ್ಲಿ ಪದವಿ ಪಡೆದು, ಸಂಶೋಧನೆಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಅರ್ಜಿ ಹಾಕಿದರು. ಅವರ ತಂದೆ, ಚಿಕ್ಕಪ್ಪ ಇಬ್ಬರೂ ಅಲ್ಲಿಯೇ ಓದಿದ ರಸಾಯನಶಾಸ್ತ್ರಜ್ಞರು. ಆಗ ಅಲ್ಲಿನ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹೆಣ್ಣೆಂಬ ಕಾರಣದಿಂದ ಅರ್ಜಿಯನ್ನು ನಿರಾಕರಿಸಲಾಯಿತು. ಕಮಲಾ ಸುಮ್ಮನಾಗದೆ ಬೆಂಗಳೂರಿಗೇ ಬಂದು ಕಾರಣವನ್ನು ಕೇಳಿದರು, ಪಟ್ಟುಹಿಡಿದರು. ಕೊನೆಗೆ ಪ್ರವೇಶ ದೊರೆಯಿತು, ಆದರೆ ಷರತ್ತುಗಳ ಮೇಲೆ. ಮೊದಲ ವರ್ಷ ಪರೀಕ್ಷಾರ್ಥವಾಗಿ ಇರತಕ್ಕದ್ದು. ನಿರ್ದೇಶಕರಿಗೆ ಕೆಲಸ ತೃಪ್ತಿಕರವೆಂದು ತೋರಿದ ಮೇಲೆಯೇ ಅದಕ್ಕೆ ಮಾನ್ಯತೆ. ಪುರುಷ ಸಂಶೋಧಕರ ಗಮನವನ್ನು ಕೆಡಿಸಬಾರದು.

ನಮ್ಮ ಮಾತಿನ ದೃಷ್ಟಿಯಿಂದ ಈ ಪ್ರಸಂಗದಲ್ಲಿ ಎರಡು ಮೆಟ್ಟಿಲುಗಳಿವೆ. ಮೊದಲನೆಯದು ನಿರಾಕರಣೆ. ಅದು ಅನ್ಯಾಯ, ಆದರೆ ದೊಡ್ಡಸ್ತಿಕೆಯಲ್ಲ. ಅದನ್ನು ನೇರವಾಗಿ ಎದುರಿಸಬಹುದಾಗಿತ್ತು, ಕಮಲಾ ಎದುರಿಸಿದರು. ಎರಡನೆಯದು ಅನುಗ್ರಹದ ರೂಪದಲ್ಲಿ ಬಂದ ಪ್ರವೇಶ. ಗಂಡು ವಿದ್ಯಾರ್ಥಿಗಳಿಗೆ ಹಕ್ಕಾಗಿ ಸಿಗುತ್ತಿದ್ದುದು ಇವರಿಗೆ ಕೃಪೆಯಾಗಿ ಸಿಕ್ಕಿತು. ಅದಕ್ಕೆ ಇವರು ಋಣಿಯಾಗಿರಬೇಕಾಯಿತು. ದೊಡ್ಡಸ್ತಿಕೆಯೆಂದರೆ ಇದು. ಅಳೆಯದೆಯೇ ಕೊರತೆಯಿದೆಯೆಂದು ಊಹಿಸಿ, ಆ ಊಹೆಯನ್ನು ಔದಾರ್ಯದ ಕಾಗದದಲ್ಲಿ ಸುತ್ತಿ ಕೊಡುವುದು.

ವರ್ಷ ಕಳೆಯುವಷ್ಟರಲ್ಲಿ ಅಳತೆ ನಡೆದುಹೋಯಿತು. ಕಮಲಾರ ಕೆಲಸ ರಾಮನ್ನರಿಗೆ ಒಪ್ಪಿಗೆಯಾಯಿತು. ಅಲ್ಲಿಂದ ಮುಂದೆ ಆ ಸಂಸ್ಥೆಯಲ್ಲಿ ಸ್ತ್ರೀಯರಿಗೆ ಪ್ರವೇಶ ದೊರೆಯತೊಡಗಿತು. ಕಮಲಾ ೧೯೩೯ರಲ್ಲಿ ಕೇಂಬ್ರಿಡ್ಜಿನಿಂದ ಡಾಕ್ಟರೇಟ್ ಪದವಿ ಪಡೆದರು. ಸಸ್ಯಕೋಶಗಳಲ್ಲಿಯೂ ಸೈಟೋಕ್ರೋಮ್ ಸಿ ಎಂಬ ವಸ್ತು ಉಸಿರಾಟದ ಕ್ರಿಯೆಯಲ್ಲಿ ಪಾಲುಗೊಳ್ಳುವುದನ್ನು ಅವರ ಸಂಶೋಧನೆ ತೋರಿಸಿತು. ಮುಂದೆ ಕಮಲಾ ಸೊಹೋನಿ ಎಂಬ ಹೆಸರಿನಿಂದ ಪ್ರಸಿದ್ಧರಾಗಿ, ನೀರಾ ಪಾನೀಯದ ಪೌಷ್ಟಿಕತೆಯ ಬಗ್ಗೆ ಕೆಲಸ ಮಾಡಿ, ಮುಂಬಯಿಯ ರಾಯಲ್ ಇನ್ಸ್ಟಿಟ್ಯೂಟ್ ಆಫ್ ಸೈನ್ಸಿನ ನಿರ್ದೇಶಕ ಪದವಿಗೆ ಏರಿದರು. ಆದರೆ ಬೆಂಗಳೂರಿನ ಆ ಷರತ್ತುಗಳನ್ನು ಅವರು ವೃದ್ಧಾಪ್ಯದಲ್ಲಿಯೂ ಅವಮಾನವೆಂದೇ ನೆನೆಯುತ್ತಿದ್ದರು. ಬಾಗಿಲು ತೆರೆದವನಿಗೆ ತೆರೆದದ್ದು ನೆನಪಿರುತ್ತದೆ. ಒಳಗೆ ಬಂದವಳಿಗೆ ತೆರೆದ ರೀತಿ ನೆನಪಿರುತ್ತದೆ.

ಈ ಪ್ರಸಂಗದಿಂದ ರಾಮನ್ನರ ವಿಜ್ಞಾನಕ್ಕೆ ಕುಂದೇನೂ ಬರುವುದಿಲ್ಲ. ಬೆಳಕಿನ ಚೆದರಿಕೆಯಲ್ಲಿ ಜಗತ್ತೇ ಕಾಣದುದನ್ನು ಕಂಡ ಕಣ್ಣು ಕೂಡ ತನ್ನ ಸೊನ್ನೆಯನ್ನು ಕಾಣದೆಹೋಗಬಹುದು. ನಾವು ಇದರಿಂದ ಎಚ್ಚರವನ್ನು ಕಲಿತರೆ ಸಾಕು.

ಢಾಕಾದಿಂದ ಬಂದ ಪತ್ರ

ಇದಕ್ಕೆ ಪ್ರತಿಯಾದ ಉದಾಹರಣೆಯೂ ವಿಜ್ಞಾನದಲ್ಲಿಯೇ ಉಂಟು. ೧೯೨೪ರ ಜೂನ್ ತಿಂಗಳಲ್ಲಿ ಢಾಕಾ ವಿಶ್ವವಿದ್ಯಾನಿಲಯದ ರೀಡರ್ ಸತ್ಯೇಂದ್ರನಾಥ ಬೋಸರು ತಮ್ಮ ಒಂದು ಲೇಖನವನ್ನು ಆಲ್ಬರ್ಟ್ ಐನ್ಸ್ಟೈನರಿಗೆ ಕಳುಹಿಸಿದರು. ಬೋಸರಿಗೆ ಆಗ ಮೂವತ್ತು ವರ್ಷ. ಯೂರೋಪಿನಲ್ಲಿ ಅವರನ್ನು ಬಲ್ಲವರಿರಲಿಲ್ಲ. ಐನ್ಸ್ಟೈನರು ಜಗದ್ವಿಖ್ಯಾತರು. ಅವರು ಲೇಖನವನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ, ಅದು ಮುಖ್ಯವಾದ ಮುನ್ನಡೆಯೆಂಬ ಟಿಪ್ಪಣಿಯೊಡನೆ 'ಟ್ಸೈಟ್ಶ್ರಿಫ್ಟ್ ಫ್ಯೂರ್ ಫಿಸೀಕ್' ಪತ್ರಿಕೆಯಲ್ಲಿ ಪ್ರಕಟಿಸಿದರು; ಅದರ ವಿಚಾರವನ್ನು ಹಿಡಿದು ತಾವೂ ಮುಂದುವರಿದರು. ಬೋಸ್-ಐನ್ಸ್ಟೈನ್ ಸಂಖ್ಯಾಶಾಸ್ತ್ರವೆಂದು ವಿದ್ಯಾರ್ಥಿಗಳು ಓದುವುದು ಅದನ್ನೇ.

ಈ ಕಥೆಯ ಉತ್ತರಾರ್ಧವನ್ನು ಅನೇಕರು ಹೇಳುವುದಿಲ್ಲ. ಬೋಸರು ಎರಡನೆಯ ಲೇಖನವನ್ನೂ ಕಳುಹಿಸಿದರು. ಐನ್ಸ್ಟೈನರು ಅದನ್ನೂ ಅನುವಾದಿಸಿ ಪ್ರಕಟಣೆಗೆ ಕೊಟ್ಟರು. ಆದರೆ ಅದರ ವಾದವನ್ನು ತಾವು ಒಪ್ಪುವುದಿಲ್ಲವೆಂದು ಕಾರಣಸಹಿತವಾದ ಟಿಪ್ಪಣಿಯನ್ನು ಸೇರಿಸಿದರು. ನಮ್ಮ ದೃಷ್ಟಿಯಲ್ಲಿ ಮೊದಲನೆಯದಕ್ಕಿಂತ ಈ ಎರಡನೆಯ ಟಿಪ್ಪಣಿಯೇ ದೊಡ್ಡತನದ ಹೆಚ್ಚಿನ ಸಾಕ್ಷ್ಯ. ದೊಡ್ಡಸ್ತಿಕೆಯವನಾಗಿದ್ದರೆ, 'ಪಾಪ, ದೂರದವನು, ಪ್ರೋತ್ಸಾಹಿಸೋಣ' ಎಂದುಕೊಂಡು ತಪ್ಪೆಂದು ಕಂಡುದನ್ನು ನುಂಗಿಕೊಳ್ಳುತ್ತಿದ್ದನು. ಐನ್ಸ್ಟೈನರು ಬೋಸರನ್ನು ಹೊಗಳಿದಾಗಲೂ ವಿರೋಧಿಸಿದಾಗಲೂ ಒಂದೇ ಅಳತೆಗೋಲನ್ನು ಬಳಸಿದರು. ಒಬ್ಬನನ್ನು ಸಮಾನನೆಂದು ಎಣಿಸುವುದರ ಗುರುತು ಅವನ ತಪ್ಪನ್ನು ಅವನಿಗೆ ಹೇಳುವ ಗೌರವ.

ಕಲಿಸುವುದೂ ದೊಡ್ಡಸ್ತಿಕೆಯೆ?

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು ಆಕ್ಷೇಪವನ್ನೆತ್ತಬಹುದು. 'ಗುರುವಿಗೂ ಶಿಷ್ಯನಿಗೂ ನಡುವೆ ವ್ಯತ್ಯಾಸವಿರುವುದು ನಿಜವಷ್ಟೆ? ಹಾಗಾದರೆ ಕಲಿಸುವುದೆಲ್ಲ ದೊಡ್ಡಸ್ತಿಕೆಯಾಗಬೇಡವೆ?' ಆಕ್ಷೇಪ ನ್ಯಾಯವಾದುದು. ವ್ಯತ್ಯಾಸವಿಲ್ಲವೆಂದು ಸುಳ್ಳುಹೇಳುವುದು ಪರಿಹಾರವಲ್ಲ. ವ್ಯತ್ಯಾಸವನ್ನು ಏನು ಮಾಡುತ್ತೇವೆಂಬುದನ್ನು ನೋಡಬೇಕು.

ಬಿಸಿಯಾದ ಪಾತ್ರೆಯನ್ನು ತಣ್ಣಗಿರುವ ಪಾತ್ರೆಗೆ ತಾಗಿಸಿದರೆ ಬಿಸಿಯಿಂದ ತಣ್ಣಗಿರುವುದಕ್ಕೆ ಶಾಖ ಹರಿಯುತ್ತದೆ. ಎಲ್ಲಿಯವರೆಗೆ? ಎರಡರ ಉಷ್ಣತೆಯೂ ಒಂದಾಗುವವರೆಗೆ. ಇಲ್ಲಿ ಹರಿವಿಗೆ ಕಾರಣ ವ್ಯತ್ಯಾಸವೇ, ಆದರೆ ಹರಿದಷ್ಟೂ ವ್ಯತ್ಯಾಸ ಸವೆಯುತ್ತದೆ. ರೆಫ್ರಿಜರೇಟರಿನ ಕೆಲಸ ಇದಕ್ಕೆ ವಿರುದ್ಧವಾದುದು. ಅದು ವಿದ್ಯುಚ್ಛಕ್ತಿಯನ್ನು ವ್ಯಯಮಾಡಿ ಒಳಗು ತಣ್ಣಗೆ, ಹೊರಗು ಬೆಚ್ಚಗೆ ಇರುವಂತೆ ವ್ಯತ್ಯಾಸವನ್ನು ಕಾಪಾಡುತ್ತದೆ. ಯಂತ್ರ ನಿಂತರೆ ವ್ಯತ್ಯಾಸವೂ ಮಾಯವಾಗುತ್ತದೆ.

ಉಪಮಾನವನ್ನು ಬಹಳ ದೂರ ಎಳೆಯಬಾರದು. ವಿದ್ಯೆ ಕೊಟ್ಟವನಲ್ಲಿ ಕಡಮೆಯಾಗುವುದಿಲ್ಲ. ಆದರೂ ಅದರಿಂದ ನಮಗೆ ಬೇಕಾದ ಪರೀಕ್ಷೆ ಸಿಗುತ್ತದೆ. ಕಲಿಸುವುದು, ಆಶ್ರಯ ಕೊಡುವುದು, ಕೈಹಿಡಿದೆತ್ತುವುದು ಇವೆಲ್ಲ ವ್ಯತ್ಯಾಸವನ್ನು ಒಪ್ಪಿಕೊಂಡು ಅದನ್ನು ಸವೆಸುತ್ತವೆ. ದೊಡ್ಡಸ್ತಿಕೆ ಅದನ್ನು ಕಾಪಾಡುತ್ತದೆ, ವ್ಯತ್ಯಾಸವಿಲ್ಲದಲ್ಲಿ ಹುಟ್ಟಿಸುತ್ತದೆ, ಮತ್ತು ಇದಕ್ಕಾಗಿ ಎಡೆಬಿಡದೆ ದುಡಿಯುತ್ತದೆ. ಒಂದು ಉಪಕಾರ ನಡೆದ ಮೇಲೆ ಪಡೆದವನು ಕೊಟ್ಟವನನ್ನು ಮುಂದಿನ ಸಲ ಬೇಡಬೇಕಾಗಿಲ್ಲವಾದರೆ ಅದು ದೊಡ್ಡತನ; ಪ್ರತಿ ಸಲವೂ ಬೇಡಬೇಕಾಗಿ ಬಂದರೆ ಅದನ್ನು ಎರಡನೆಯ ಹೆಸರಿನಿಂದ ಕರೆಯತಕ್ಕದ್ದು.

ನಮ್ಮದೇ ಒಂದು ತಪ್ಪು

ಈ ಪರೀಕ್ಷೆಯಲ್ಲಿ ನಾವೇ ಒಮ್ಮೆ ತಪ್ಪಿದೆವು. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಗೆ ಹಳ್ಳಿಯ ಕನ್ನಡ ಮಾಧ್ಯಮದ ಶಾಲೆಯಿಂದ ಒಬ್ಬ ವಿದ್ಯಾರ್ಥಿನಿ ಬಂದಿದ್ದಳು. ಪ್ರಯೋಗಶಾಲೆಯಲ್ಲಿ ಸರಳ ಲೋಲಕದಿಂದ ಗುರುತ್ವದ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗ ನಡೆದಿತ್ತು. ಇಂಗ್ಲಿಷಿನಲ್ಲಿದ್ದ ಸೂಚನೆಗಳೊಡನೆ ಆಕೆ ಹೆಣಗುತ್ತಿರುವುದನ್ನು ಕಂಡು ನಮಗೆ ಕನಿಕರ ಹುಟ್ಟಿತು. "ದೋಷಗಳ ಗಣನೆಯ ಭಾಗ ನಿನಗೆ ಬೇಡ, ಅಳತೆಗಳನ್ನು ಬರೆದುಕೊಟ್ಟರೆ ಸಾಕು" ಎಂದೆವು. ಅವಳು ಹಾಗೆಯೇ ಮಾಡಿದಳು. ಒಳ್ಳೆಯದನ್ನು ಮಾಡಿದೆವೆಂಬ ತೃಪ್ತಿಯಿಂದ ನಾವೂ ಮನೆಗೆ ಹೋದೆವು.

ವರ್ಷದ ಕೊನೆಯಲ್ಲಿ ಆಕೆ ತನ್ನ ದಾಖಲೆ ಪುಸ್ತಕವನ್ನು ಒಪ್ಪಿಸುವಾಗ ತಲೆ ತಗ್ಗಿಸಿಕೊಂಡೇ ಕೇಳಿದಳು: "ಆ ಭಾಗ ನನಗೆ ಬರುವುದಿಲ್ಲವೆಂದು ನಿಮಗೆ ಹೇಗೆ ಗೊತ್ತಾಯಿತು, ಸಾರ್?" ನಾವು ಪುಸ್ತಕವನ್ನು ತೆರೆದು ನೋಡಿದೆವು. ಲೋಲಕದ ಉದ್ದದಲ್ಲಿ, ಆಂದೋಲನಕಾಲದಲ್ಲಿ ಎಷ್ಟೆಷ್ಟು ದೋಷವಿರಬಹುದು, ಕಾಲದ ದೋಷ ಉತ್ತರದಲ್ಲಿ ಏಕೆ ಇಮ್ಮಡಿಯಾಗುತ್ತದೆ ಎಂಬುದನ್ನೆಲ್ಲ ಆಕೆ ತಾನಾಗಿಯೇ ಕಲಿತು, ಅಚ್ಚಗನ್ನಡದಲ್ಲಿ ಬರೆದಿದ್ದಳು. ಆಕೆಗೆ ಕಷ್ಟವಾದದ್ದು ಇಂಗ್ಲಿಷ್. ನಾವು ಕಿತ್ತುಕೊಂಡದ್ದು ಭೌತಶಾಸ್ತ್ರವನ್ನು. ಒಂದು ಗುಣವನ್ನು ಅಳೆದು ಇನ್ನೊಂದರ ಮೇಲೆ ತೀರ್ಪು ಕೊಟ್ಟಿದ್ದೆವು. ಅಳತೆಯಲ್ಲಿ ದೋಷವೆಲ್ಲಿರಬಹುದೆಂದು ವಿಚಾರಿಸುವ ಪಾಠವನ್ನು ಬೇಡವೆಂದು ಬಿಡಿಸಿದವರೇ ತಮ್ಮ ಅಳತೆಯ ದೋಷವನ್ನು ವಿಚಾರಿಸಿರಲಿಲ್ಲ.

ಅಂದು ನಾವು ಮಾಡಬೇಕಾಗಿದ್ದುದು ಬಹಳ ಸುಲಭವಾದ ಕೆಲಸ: "ಎಲ್ಲಿ ತೊಡಕಾಗುತ್ತಿದೆ?" ಎಂದು ಕೇಳುವುದು. ಕೇಳುವವನು ಅಳೆಯುತ್ತಾನೆ, ಕೇಳದವನು ಊಹಿಸುತ್ತಾನೆ.

ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವ ನಮ್ಮಂಥವರಿಗೂ ಈ ಎಚ್ಚರ ಅವಶ್ಯ. ೧೯೧೮ರಲ್ಲಿ ಬೆಂಗಳೂರಿನಿಂದ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಟಿತು. ಅದನ್ನು ನಡೆಸಿದವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು. ಪಾರಿಭಾಷಿಕ ಪದಗಳೇ ಇನ್ನೂ ನೆಲೆಗೊಳ್ಳದಿದ್ದ ಆ ಕಾಲದಲ್ಲಿ ಕನ್ನಡದಲ್ಲಿಯೇ ವಿಜ್ಞಾನವನ್ನು ಬರೆಯಬಹುದೆಂದು ಅವರು ನಂಬಿದರು. ಕನ್ನಡದ ಓದುಗನು ತಿಳಿಯಬಲ್ಲನೆಂಬ ನಂಬಿಕೆ ಅದರಲ್ಲಿ ಅಡಗಿತ್ತು. 'ಪಾಮರರಿಗೆ ಇಷ್ಟು ಸಾಕು' ಎಂದು ಕಷ್ಟದ ಭಾಗವನ್ನು ಬಿಟ್ಟು ಬರೆಯುವುದು ಸುಲಭ. ಕಷ್ಟದ ಭಾಗವನ್ನೇ ತಿಳಿಯಾಗಿ ಬರೆಯುವುದು ದುಡಿಮೆ. ಮೊದಲನೆಯದರಲ್ಲಿ ಓದುಗನು ಇದ್ದಲ್ಲಿಯೇ ಉಳಿಯುತ್ತಾನೆ. ಎರಡನೆಯದರಲ್ಲಿ ಅವನು ಲೇಖಕನ ಪಕ್ಕಕ್ಕೆ ಬಂದು ನಿಲ್ಲುತ್ತಾನೆ, ಕೆಲವೊಮ್ಮೆ ದಾಟಿಯೂ ಹೋಗುತ್ತಾನೆ.

ವಿದ್ಯಾರ್ಥಿಗಳು ಒಂದು ವಾರದ ಮಟ್ಟಿಗೆ ತಾವು ಕೇಳಿದ, ತಾವೇ ಆಡಿದ ಮಾತುಗಳಲ್ಲಿ 'ಪಾಪ', 'ಆದರೂ', 'ಕೂಡ', 'ನಿನ್ನ ಒಳ್ಳೆಯದಕ್ಕೇ' ಎಂಬುವನ್ನು ಗುರುತುಹಾಕಿಕೊಳ್ಳಲಿ. ಪ್ರತಿಯೊಂದರ ಎದುರಿಗೂ ಮೂರು ಪ್ರಶ್ನೆಗಳನ್ನು ಬರೆಯಲಿ. ಯಾವ ಗುಣವನ್ನು ಅಳೆಯಲಾಯಿತು? ಸೊನ್ನೆಯನ್ನು ಎಲ್ಲಿ ಇಡಲಾಗಿತ್ತು? ಮಾತು ಮುಗಿದ ಮೇಲೆ ಇಬ್ಬರ ನಡುವಿನ ಅಂತರ ಕಡಮೆಯಾಯಿತೆ, ಹೆಚ್ಚಾಯಿತೆ? ಎಲ್ಲ ಸಂದರ್ಭಗಳಲ್ಲಿಯೂ ಉತ್ತರ ದೊಡ್ಡಸ್ತಿಕೆಯೆಂದೇ ಬರಲಾರದು. ನಿಜವಾದ ಕನಿಕರಕ್ಕೂ 'ಪಾಪ' ಎಂಬ ಮಾತೇ ಬೇಕಾಗುತ್ತದೆ. ಆದುದರಿಂದಲೇ ಪರೀಕ್ಷೆ ಅಗತ್ಯ.

ಆ ಸಂಜೆಯ ಗೃಹಸ್ಥರ ವಿಷಯವನ್ನು ಹೇಳಿ ಮುಗಿಸುತ್ತೇವೆ. ಅವರು ಅರವತ್ತು ರೂಪಾಯಿಗಳನ್ನು ತೆಗೆದುಕೊಂಡು, ಫೋನಿನ ಲೆಕ್ಕವನ್ನೊಮ್ಮೆ ನೋಡಿ, ಎರಡೂ ಒಂದೇ ಆಗಿರುವುದನ್ನು ಕಂಡು ನಕ್ಕರು. "ನಿಮ್ಮ ಲೆಕ್ಕ ನನ್ನದಕ್ಕಿಂತ ಬೇಗ, ತಾಯಿ" ಎಂದರು. 'ನೀನು' 'ನೀವು' ಆಗಿತ್ತು. ಹೂವಿನಾಕೆಯೂ ನಕ್ಕು, ಮಾಲೆಯ ಪೊಟ್ಟಣದ ಮೇಲೆ ಒಂದು ಬಿಡಿ ಹೂವನ್ನಿಟ್ಟು ಕೊಟ್ಟಳು.